ಸ್ವೀಕರಿಸಲಾಗಿದೆ

ಲಿಮಾ, ಅಸಾಂಗಾರೋ ಬೀದಿ. ಮಹಡಿ ಮೆಟ್ಟಿಲ ಕೆಳಗೆ
ಒಂದು ಮೇಜು, ಒಂದು ದೀಪ, ಮೊನೆಚಾಕು, ನಾನು.
ರಬ್ಬರು ಮೊಹರು ಕೆತ್ತುವುದು ಕಸುಬು.
ಮೂವತ್ತೊಂದು ವರ್ಷದಿಂದ ಈ ಸರ್ಕಾರವನ್ನು
ಹಿಂದುಮುಂದಾಗಿಯೇ ಓದಿಕೊಂಡು ಬಂದಿದ್ದೇನೆ,
ಕನ್ನಡಿಯೊಳಗಿನಂತೆ, ಬಲದಿಂದ ಎಡಕ್ಕೆ.
ಹಾಗೆ ಓದಿದರೇ ಒಂದಿಷ್ಟು ಅರ್ಥವಾಗುತ್ತದೆ ಅದು.

ಮಂತ್ರಿ ಬದಲಾದ ಸುದ್ದಿ ಪತ್ರಿಕೆಗಿಂತ ಮೊದಲು
ನನ್ನ ಬಾಗಿಲಿಗೆ ಬರುತ್ತದೆ: ಬೆವರಿದ ಜವಾನ,
ಕೈಯಲ್ಲೊಂದು ಚೀಟಿ, "ಸಂಜೆಯೊಳಗೆ ಬೇಕಂತೆ."
ಕಳೆದ ಸಲದ ಹೆಸರು ಹನ್ನೊಂದು ವಾರ ಬಾಳಿತು.
ಅದರ ಹಿಂದಿನದಕ್ಕೆ ಶಾಯಿಯೇ ತಾಗಿರಲಿಲ್ಲ.
ಈಗೀಗ ಹೆಸರಿನ ಜಾಗಕ್ಕೆ ಗಾಡಿ ಕೊರೆದು
ಅಕ್ಷರ ಜೋಡಿಸಿ ಕೊಡುತ್ತೇನೆ, ಕಿತ್ತುಹಾಕಲು ಸುಲಭ.
"ಜಾಣೆ ನೀನು" ಎಂದರು ಇಲಾಖೆಯವರು.
ಹಣ ಇನ್ನೂ ಕೊಟ್ಟಿಲ್ಲ.

ಏನೇನು ಕೆತ್ತಿಲ್ಲ ನಾನು!
ತುರ್ತು. ಗೋಪ್ಯ. ಪರಿಶೀಲನೆಯಲ್ಲಿದೆ.
ಮುಂದಿನ ಮೇಜಿಗೆ. ಅನುದಾನವಿಲ್ಲ.
"ತಪ್ಪು ನಮ್ಮದು" ಅಂತೊಂದು ಮಾಡಿಕೊಡಮ್ಮ ಎಂದು
ಯಾವ ಕಚೇರಿಯೂ ಇವತ್ತಿನವರೆಗೆ ಕೇಳಿಲ್ಲ.
ಕೇಳಿದ್ದರೆ, ದೇವರಾಣೆ, ಬಿಟ್ಟಿ ಕೊಡುತ್ತಿದ್ದೆ.

ಲೋಕದ ಉಸಾಬರಿ ನಿನಗ್ಯಾಕೆ ಎನ್ನುತ್ತಾನೆ ತಂಗಿಯ ಮಗ ಯೆರ್ಸನ್.
ಲೋಕ ನನ್ನನ್ನು ಕೇಳಿ ಒಳಗೆ ಬರುತ್ತದೇನೋ?
ಯಾವುದೋ ಜಲಸಂಧಿಯಲ್ಲಿ ಹಡಗಿಗೆ ಬೆಂಕಿ ಬಿದ್ದರೆ
ನನ್ನ ರಬ್ಬರಿನ ಹಾಳೆಗೆ ನಾಲ್ಕು ಸೋಲ್ ಜಾಸ್ತಿ.
ಯಾರದೋ ಗೋಧಿ ಹೊಲದಲ್ಲಿ ಯಾರೋ ಟ್ಯಾಂಕು ಓಡಿಸಿದರೆ
ಮೂಲೆಯಂಗಡಿಯ ಬ್ರೆಡ್ಡು ನನ್ನ ಮುಷ್ಟಿಗಿಂತ ಚಿಕ್ಕದು.
ನಮ್ಮ ಬೆಟ್ಟದ ತಾಮ್ರ ಹಡಗು ಹತ್ತಿ ಹೋಗುತ್ತದೆ;
ಅಲ್ಲಿ ಅದು ತಂತಿಯಾಯಿತೋ, ತೋಟಾ ಆಯಿತೋ,
ಯಾರ ಮಗನ ಎದೆಗೆ ಹೋಯಿತೋ,
ರಸೀದಿಯಲ್ಲಿ ಅದನ್ನೆಲ್ಲ ಬರೆಯುವುದಿಲ್ಲ.
ದೊಡ್ಡ ದೇಶಗಳು ಟೀವಿಯಲ್ಲಿ ಕೈಕುಲುಕುವಾಗ
ನಾನು ಮುಖ ನೋಡುವುದಿಲ್ಲ, ಕಾಗದ ನೋಡುತ್ತೇನೆ:
ಮೊಹರು ಯಾವ ಮೂಲೆಗಿದೆ, ಒತ್ತಿದ ಕೈ ನಡುಗಿತೇ.

ನಮ್ಮ ಗುಡ್ಡದ ಕೇರಿಗೆ ಇನ್ನೂರ ಹನ್ನೆರಡು ಮೆಟ್ಟಿಲು.
ಅರ್ಧಕ್ಕೆ ಹಳದಿ ಬಣ್ಣ ಬಳಿದರು,
ಅಷ್ಟರಲ್ಲಿ ಚುನಾವಣೆ ಮುಗಿಯಿತು.
ಹಿಡಿಯಲು ಕಂಬಿ ಇಲ್ಲ.
ಜುಲೈ ತಿಂಗಳ ಜಿನುಗಿನಲ್ಲಿ ದೋನ್ ಎಲೆಯುತೇರಿಯೋ ಜಾರಿದ;
ಹೆಗಲ ಮೇಲಿದ್ದ ಗ್ಯಾಸ್ ಸಿಲಿಂಡರು
ಅವನಿಗಿಂತ ಮೊದಲು ಕೆಳಗೆ ತಲುಪಿತು.
ಸೊಂಟ ಕೂಡಿಕೊಳ್ಳಲೇ ಇಲ್ಲ.
ಅರ್ಜಿ ಬರೆದೆ, ಎಪ್ಪತ್ತಾರು ಸಹಿ ಹಾಕಿಸಿದೆ.
ಪುರಸಭೆಯ ಏಳನೇ ಕಿಟಕಿಯ ಹುಡುಗಿ ಓದದೆ
ಧಡ್ ಎಂದು ಒತ್ತಿದಳು: ಸ್ವೀಕರಿಸಲಾಗಿದೆ.
ನೋಡಿದರೆ ನನ್ನದೇ ಮೊಹರು! ಕೊನೆಯ ಅಕ್ಷರದ ಹೊಟ್ಟೆಯಲ್ಲಿ
ಚಾಕು ಜಾರಿದ ಗೀರು, ನನ್ನ ಜ್ವರದ ದಿನದ ಕೆಲಸ.
ಹತ್ತೊಂಬತ್ತು ತಿಂಗಳಾಯಿತು.
ಗೋಡೆಗೆ ಅಂಟಿಸಿದ್ದೇನೆ ನಕಲನ್ನು.
ಶಾಯಿ ಒಂಚೂರೂ ಮಾಸಿಲ್ಲ.

ಎಲ್ಲರೂ ಕಳ್ಳರೆಂದು ಬೈದು ಮಲಗಿಬಿಡುವುದು ಸುಲಭ.
ಆ ಹುಡುಗಿಗೂ ಮೂರು ತಿಂಗಳ ಸಂಬಳ ಬಾಕಿಯಂತೆ.
ಮತ್ತೆ ನಾನೇನು, ಒಮ್ಮೆ
ಇಲ್ಲದ ವೈದ್ಯನೊಬ್ಬನ ಮೊಹರು ಕೆತ್ತಿಕೊಟ್ಟಿದ್ದೇನೆ,
ತಂಗಿಯ ಬಾಡಿಗೆ ಕಟ್ಟಬೇಕಿತ್ತು.
ಆ ಮೊಹರು ಬಿದ್ದ ಕಾಗದ ನಂಬಿ ಯಾರು ಯಾವ ಮದ್ದು ನುಂಗಿದರೋ.
ಲೆಕ್ಕ ಕೇಳುವವಳು ಲೆಕ್ಕ ಕೊಡಬೇಕಲ್ಲ,
ಇಗೋ, ಕೊಟ್ಟೆ. ಈಗ ಅವರ ಸರದಿ.

ಏಪ್ರಿಲಿನ ಭಾನುವಾರ. ಶಾಲೆಯ ಕೋಣೆ,
ಮಕ್ಕಳ ಕುರ್ಚಿಯಲ್ಲಿ ಮಡಚಿಕೊಂಡು ಕೂತ ಅಧಿಕಾರಿಗಳು.
ಸಹಿ ಹಾಕಿ, ಬೆರಳೊತ್ತಿ ಎಂದ ಒಬ್ಬ.
ಒತ್ತಿದೆ. ಗೆರೆ ಬೀಳಲಿಲ್ಲ.
ಮತ್ತೊಮ್ಮೆ. ಬರೀ ಕಪ್ಪು ಚುಕ್ಕೆ.
"ರಬ್ಬರು ತಿಕ್ಕಿ ತಿಕ್ಕಿ ಸವೆದಿದೆ ಕಣಪ್ಪ."
ಅವನು ಮೇಲಿನವನತ್ತ ನೋಡಿದ,
ಮೇಲಿನವನು ಗಡಿಯಾರದತ್ತ.
ಹಿಂದೆ ಸಾಲು ಗೊಣಗಿತು.
ನಾನು ಕದಲಲಿಲ್ಲ. ಹೆಬ್ಬೆರಳು ಹಾಗೇ ಕಾಗದದ ಮೇಲೆ.
ಸ್ವೀಕರಿಸಿ, ಎಂದೆ.